ಹಣೆಯ ನೀರು

ದೇವಾಲ, 1929 ಮಾರ್ಚ್ 4, ಸೋಮವಾರ

ಬೆಂಚಿಲ್ಲದ, ಕರಿಹಲಗೆಯಿಲ್ಲದ ಶಾಲೆಯೊಂದು ಕೊನೆಗೂ ನನ್ನ ಪಾಲಿಗೆ ಬಂತು. ಊಟಿಯ ಕನ್ಯಾಮಠದಲ್ಲಿ ದೊಡ್ಡವರ ಮನೆಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸಿ ಕಲಿಸಿ ಸೂಜಿಗಿಂತ ನನ್ನ ನಾಲಿಗೆಯೇ ಚೂಪಾಗಿತ್ತು. ಅದಕ್ಕೇ ಮಠದ ಹಿರಿಯ ಮದರ್ ನನ್ನನ್ನು ಇಲ್ಲಿಗೆ ಸಾಗಹಾಕಿದರೋ ಏನೋ. ಇಲ್ಲಿನ ಟೀ ಎಸ್ಟೇಟಿನ ದೊರೆ ಹಳೆಯ ಗೋದಾಮೊಂದನ್ನು ಬಿಟ್ಟುಕೊಟ್ಟಿದ್ದಾನೆ. ನಡುವೆ ಪರದೆ ಕಟ್ಟಿದ್ದೇವೆ. ಆಚೆ ನಾವು ಮಲಗುವ ಜಾಗ, ಈಚೆ ಔಷಧದ ಮೇಜು ಮತ್ತು ಒಲೆ.

ಶಿಷ್ಯೆಯರು ಇಬ್ಬರೇ. ಅಮ್ಮಣಿ ಮಂಜೂರಿನ ಹತ್ತಿರದ ಹಟ್ಟಿಯ ಬಡಗರ ಹುಡುಗಿ. ಗಂಡ ಸತ್ತ ಮೇಲೆ ಚಿಕ್ಕಪ್ಪ ತಂದು ಮಠದ ಬಾಗಿಲಲ್ಲಿ ಬಿಟ್ಟುಹೋದ. ಮಾತು ಕಡಿಮೆ, ಕಣ್ಣು ಜಾಸ್ತಿ. ವಳ್ಳಿ ತಮಿಳಿನವಳು, ಅಮ್ಮಣಿಯ ಪಾಲಿನ ಮಾತನ್ನೂ ಸೇರಿಸಿ ತಾನೇ ಆಡುತ್ತಾಳೆ. ಇಬ್ಬರೂ ನಮ್ಮ ಮತದವರಲ್ಲ, ಆಗಬೇಕೆಂದು ನಾನು ಕೇಳಿಯೂ ಇಲ್ಲ. ಇವರಿಗೆ ನಾನು ಕಲಿಸಬೇಕಾದದ್ದು ಬಡವರ ಮನೆಗೆ ಹೋಗುವುದನ್ನು, ಹೋಗಿ ಉಪಯೋಗಕ್ಕೆ ಬರುವುದನ್ನು. ಅದೊಂದು ವಿದ್ಯೆ ಎಂದರೆ ಊಟಿಯಲ್ಲಿ ನಗುತ್ತಾರೆ.

ನಾವು ಊಟಿಯಿಂದ ಹೊರಡುವಾಗ ಮದರ್ ಹೇಳಿದರು, "ಮಳೆ ಹಿಡಿಯುವವರೆಗೆ ನೋಡೋಣ, ಸಿಸ್ಟರ್ ಅಪೊಲೋನಿಯ. ತಾಯಂದಿರು ನಿಮ್ಮ ಹುಡುಗಿಯರಿಗೆ ಬಾಗಿಲು ತೆರೆದರೆ ಶಾಲೆ ಇರುತ್ತದೆ. ಇಲ್ಲದಿದ್ದರೆ ಕಸೂತಿ ಇದ್ದೇ ಇದೆ." ತೆರೆಯದೆ ಏನು? ತೆರೆಸುತ್ತೇನೆ.

ಇವತ್ತಿನ ಪಾಠ. ಹೊಸ್ತಿಲಾಚೆ ನಿಂತು ಕೂಗಬೇಕು. ಅವರು ಕರೆದರೆ ಮಾತ್ರ ಒಳಗೆ. ಕೂರುವುದು ನೆಲದ ಮೇಲೆ. ಕೂಸನ್ನು ಮೊದಲು ನೋಡಬಾರದು, ತಾಯಿಗೆ ದೃಷ್ಟಿಯ ಭಯ. ಕೊಟ್ಟದ್ದನ್ನು ಕುಡಿಯಬೇಕು. ಎಲ್ಲಕ್ಕಿಂತ ದೊಡ್ಡದು, ಒಂದು ಮನೆಯಲ್ಲಿ ಕಿವಿಗೆ ಬಿದ್ದ ಮಾತನ್ನು ಅಲ್ಲೇ ಬಿಟ್ಟು ಬರಬೇಕು. "ನಿಮ್ಮ ಹತ್ರ ಹೇಳಬಹುದಾ?" ಎಂದಳು ವಳ್ಳಿ. ನನ್ನ ಹತ್ತಿರವೂ ಇಲ್ಲ ಎಂದೆ. ಅಮ್ಮಣಿ ತಲೆ ಆಡಿಸಿದಳು.

ಮಾರ್ಚ್ 12

ಲೈನುಗಳಿಗೆ ಮೊದಲ ಭೇಟಿ. ಲೈನು ಎಂದರೆ ಒಂದೇ ಸೂರಿನಡಿ ಸಾಲಾಗಿ ಕೋಣೆಗಳು, ಕೋಣೆಗೊಂದು ಸಂಸಾರ. ಕೆಳಗಡೆ ಒಂದೇ ಹಳ್ಳ. ಕುಡಿಯುವುದೂ ಅದರಲ್ಲೇ, ತೊಳೆಯುವುದೂ ಅದರಲ್ಲೇ. ಮೂರು ಬಾಗಿಲು ನಮ್ಮನ್ನು ಕಂಡು ಮುಚ್ಚಿಕೊಂಡವು. ನಾಲ್ಕನೆಯದರಲ್ಲಿ ನಿಂತಿದ್ದ ಹೆಂಗಸು ನನ್ನ ಬಿಳಿ ನಿಲುವಂಗಿಯನ್ನು ತಲೆಯಿಂದ ಕಾಲಿನವರೆಗೆ ಅಳೆದಳು.

"ಯಾವೂರವ್ವ ನಿಂದು? ಮಾತು ನಮ್ ಕಡೀದು ಇದ್ದಂಗದ."

"ಕಾಮಗೆರೆ," ಎಂದೆ.

"ಅಯ್ಯೋ, ನಂದು ಪಕ್ಕದ ಹನೂರು. ಬಾ, ಕೂತ್ಕ."

ಅಷ್ಟೇ. ನನ್ನ ಪಾಠವೆಲ್ಲ ಗಂಟು ಕಟ್ಟಿ ಮೂಲೆಗಿಡುವಂತಾಯಿತು, ಕೆಲಸ ಮಾಡಿದ್ದು ನಮ್ಮ ಊರಿನ ನಾಲಿಗೆ. ಹೆಸರು ಸಣ್ಣತಾಯಮ್ಮ. ಎಲೆ ಕೊಯ್ಯುವವಳು. ಗಂಡ ಮೇಲಿನ ಕಾಡು ಕಡಿಯಲು ಹೋಗಿ ಜ್ವರದಲ್ಲಿ ತೀರಿಕೊಂಡ, ಇಬ್ಬರು ಮಕ್ಕಳು ಅವನ ಹಿಂದೆಯೇ ಹೋದರು. ಉಳಿದಿರುವುದು ಚಿನ್ನಿ, ಇನ್ನೂ ಹಲ್ಲು ಮೂಡುತ್ತಿರುವ ಹೆಣ್ಣು ಕೂಸು. ಕೂಸನ್ನು ನೋಡಬಾರದು ಎಂದು ಶಿಷ್ಯೆಯರಿಗೆ ಹೇಳಿಕೊಟ್ಟ ನಾನೇ ನೋಡಿಬಿಟ್ಟೆ. ಅದು ನನ್ನ ಜಪಸರ ಹಿಡಿದು ಎಳೆದು ಬಾಯಿಗೆ ಹಾಕಿಕೊಂಡಿತು. ಸಣ್ಣತಾಯಮ್ಮ ನಕ್ಕಳು. ರಾಗಿ ಅಂಬಲಿ ಕೊಟ್ಟಳು, ಕುಡಿದೆ. ಆ ರುಚಿಗೆ ಯಾಕೋ ಅಳು ಬಂತು, ಹೊಗೆ ಎಂದು ಕಣ್ಣು ಒರೆಸಿಕೊಂಡೆ.

ಮಾರ್ಚ್ 23

ವಾರದಿಂದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ಅಮ್ಮಣಿ ಹೋದಲ್ಲಿ ಸುಮ್ಮನೆ ಕೂರುತ್ತಾಳೆ, ಹೆಂಗಸರು ತಾವಾಗಿ ಹೇಳಿಕೊಳ್ಳುತ್ತಾರೆ. ಇವಳು ಹುಟ್ಟಾ ನನ್ನ ಶಿಷ್ಯೆ.

ಇವತ್ತು ಕೊನೆಯ ಕೋಣೆಯ ಸಿದ್ದಾಜಮ್ಮನ ಮೊಮ್ಮಗ. ಎರಡು ದಿನದ ಭೇದಿ, ಕಣ್ಣು ಒಳಕ್ಕೆ ಹೋಗಿತ್ತು. ನೋಡಿದ ಕೂಡಲೇ ತಿಳಿಯಿತು, ಉಳಿಯುವುದಿಲ್ಲ. ಪಾದ್ರಿ ಸ್ವಾಮಿಗಳನ್ನು ಕರೆಸಲು ಸಮಯವಿಲ್ಲ, ಬೇಕಾಗಿಯೂ ಇಲ್ಲ. ಸಾಯುವ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಟ್ಟು ನಮ್ಮ ಮತಕ್ಕೆ ಸೇರಿಸಬಹುದು. ಜೇಬಿನ ನೀಲಿ ಸೀಸೆ ತೆಗೆದು, ಜ್ವರ ಇಳಿಸುವವಳ ಹಾಗೆ ಹಣೆಯ ಮೇಲೆ ಮೂರು ಸಲ ನೀರು ಬಿಟ್ಟು, ಪಿತನ, ಸುತನ, ಪವಿತ್ರಾತ್ಮನ ಹೆಸರನ್ನು ತುಟಿಯೊಳಗೇ ಹೇಳಿದೆ. ಅಜ್ಜಿ ಏನೆಂದು ಕೇಳಿದಳು. ತಂಪಿಗೆ ಎಂದೆ. ಸಂಜೆಯೊಳಗೆ ಹೋಯಿತು.

ದುಃಖವಾಯಿತು, ಸುಳ್ಳು ಹೇಳಲಾರೆ. ಆದರೆ ಒಳಗೊಳಗೇ ಸಂತೋಷವೂ ಆಯಿತು. ಈ ಹೊಗೆ ಹಿಡಿದ ಸಾಲಿನಿಂದ ಒಂದು ಜೀವ ನೆಟ್ಟಗೆ ದೇವರ ಮುಂದೆ ಹೋಗಿ ನಿಂತಿತು, ಕಳಿಸಿಕೊಟ್ಟವಳು ಕಾಮಗೆರೆಯ ಒಬ್ಬ ಹೆಣ್ಣು. ಬದುಕುವ ಮಕ್ಕಳಿಗೆ ತಂದೆತಾಯಿಯನ್ನು ಕೇಳದೆ ಕೊಡುವ ಹಾಗಿಲ್ಲ, ಸಾಯುವವಕ್ಕೆ ಕೇಳಬೇಕಿಲ್ಲ. ಕೊಡದಿದ್ದರೆ ಅವು ಎಂದೆಂದಿಗೂ ದೇವರ ಮುಖ ಕಾಣುವುದಿಲ್ಲ. ಅಂಥ ಕತ್ತಲೆಗೆ ಒಂದು ಕೂಸನ್ನೂ ಬಿಡಲಾರೆ.

ಏಪ್ರಿಲ್ 9

ಹಳ್ಳ ಬತ್ತಿ ಕೆಸರಾಗಿದೆ. ಭೇದಿ ಈಗ ಸಾಲಿನಿಂದ ಸಾಲಿಗೆ ಹೋಗುತ್ತಿದೆ. ದೊಡ್ಡವರು ಎದ್ದು ಓಡಾಡುತ್ತಾರೆ, ಮಕ್ಕಳು ಏಳುವುದಿಲ್ಲ. ನೀರು ಕುದಿಸಿ, ಉಪ್ಪು ಬೆಲ್ಲ ಹಾಕಿದ ಅಕ್ಕಿಗಂಜಿಯ ತಿಳಿಯನ್ನು ಚಮಚ ಚಮಚವಾಗಿ ಕುಡಿಸುವುದು, ಇಡೀ ದಿನ ಅದೇ ನಮ್ಮ ಕೆಲಸ. ಬೇಗ ತಂದವು ಉಳಿಯುತ್ತವೆ, ತಡವಾಗಿ ತಂದವಕ್ಕೆ ಸೀಸೆ ತೆಗೆಯುತ್ತೇನೆ. ಈಸ್ಟರ್ ಆದ ಮೇಲೆ ಸೀಸೆಯನ್ನು ಎರಡು ಸಲ ತುಂಬಿಸಿದೆ.

ಊಟಿಯಿಂದ ಮದರ್ ಬಂದು ನೋಡಿ ಹೋದರು. ಸ್ವರ್ಗಕ್ಕೆ ಎಷ್ಟು ಜನ ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ನನ್ನ ಕೈ ಒತ್ತಿದರು. ಹಿಂದೆಂದೂ ಅವರು ನನ್ನ ಕೈ ಮುಟ್ಟಿದವರಲ್ಲ. ಬೀಗಿಹೋದೆ.

ಏಪ್ರಿಲ್ 24

ತಲೆ ಚಿಟ್ಟು ಹಿಡಿದಿದೆ. ಮೂರು ದಿನದಿಂದ ಒಂದೇ ಒಂದು ಕೂಸು ಬಂದಿಲ್ಲ. ರೋಗ ಬಿಟ್ಟಿತೇ ಎಂದರೆ ಇಲ್ಲ, ಇಳಿಜಾರಿನಲ್ಲಿ ಹೊಸ ಮಣ್ಣಿನ ಗುಪ್ಪೆಗಳು ಕಾಣುತ್ತವೆ. ಮೇಸ್ತ್ರಿ ರಾಚಯ್ಯನನ್ನು ಹಿಡಿದು ಕೇಳಿದೆ. ಊರಿಂದ ಇವರನ್ನೆಲ್ಲ ಕರೆತಂದವನೇ ಅವನು, ಅವನಿಗೆ ಗೊತ್ತಿರದ ಸಂಗತಿ ಇರಲು ಸಾಧ್ಯವಿಲ್ಲ.

"ಲೈನಲ್ಲಿ ಯಾರ್ಗೂ ಕಾಯ್ಲಾ ಇಲ್ಲ ಕನವ್ವ," ಎಂದ, ಮರಗಳನ್ನು ನೋಡುತ್ತಾ.

ನಾನೇ ಹೋದೆ. ಬಾಗಿಲು, ಬಾಗಿಲು, ಬಾಗಿಲು. ಒಂದು ಕೋಣೆಯಲ್ಲಿ ಎಲೆ ಕೊಯ್ಯುವ ದೊಡ್ಡ ಬುಟ್ಟಿ ಬೋರಲು ಹಾಕಿತ್ತು, ಮೇಲೆ ಕಂಬಳಿ. ಬುಟ್ಟಿ ಅಳುತ್ತಿತ್ತು. ಎತ್ತಲು ಹೋದರೆ ತಾಯಿ ಅದರ ಮೇಲೆಯೇ ಒರಗಿ ಕೂತಳು. ನಾನು ಬೈದೆ, ಕೈ ಮುಗಿದೆ, ಮತ್ತೆ ಬೈದೆ. ಅವಳು ಕಣ್ಣು ಮುಚ್ಚಿಕೊಂಡಳು. ಯಾವ ಪೂಜಾರಿ ಇವರ ಕಿವಿ ಊದಿದನೋ, ಯಾವ ಮಂತ್ರವಾದಿಯ ಆಟವೋ. ಸಿಕ್ಕರೆ ಅವನ ಜುಟ್ಟು ಹಿಡಿದು ಹಳ್ಳದಲ್ಲಿ ಅದ್ದುತ್ತಿದ್ದೆ.

ಹುಡುಗಿಯರಿಗೂ ಬೈದೆ. ವಳ್ಳಿ ಅತ್ತಳು. ಅಮ್ಮಣಿ ಒಲೆ ಊದುತ್ತಲೇ ಇದ್ದಳು.

ಮೇ 2

ಅಮ್ಮಣಿ ಕೊನೆಗೆ ಬಾಯಿ ಬಿಟ್ಟಳು. ಬಡಗು ಬೆರೆಸಿದ ತನ್ನ ಕನ್ನಡದಲ್ಲಿ, ನೆಲ ನೋಡುತ್ತಾ, "ನಿಂಗ ನೀರು ಹಾಕಿದ ಕೂಸು ಒಂದೂ ಉಳಿದಿಲ್ಲೆ, ಸಿಸ್ಟರ್. ಹಾಕದ್ದು ಉಳಿದವೆ. ಅವರು ಕಂಡಿದ್ದಾರೆ."

ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತೆ. ಸಾಯುತ್ತದೆ ಎಂದು ತಿಳಿದ ಮೇಲೆಯೇ ನಾನು ನೀರು ಹಾಕುವುದು ಎಂದು ಕೂಗಿದೆ. ನಾನು ಹಾಕಿದ್ದರಿಂದ ಸಾಯುವುದಲ್ಲ ಎಂದೆ.

"ಅವರಿಗೆ ನೀರು ಮೊದಲು, ಸಾವು ಆಮೇಲೆ," ಎಂದಳು.

ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ. ಈಸ್ಟರಿನಿಂದ. ಸಿದ್ದಾಜಮ್ಮ ಅತ್ತುಕೊಂಡು ಹೇಳಿದ್ದಳಂತೆ. ಏಕೆ ಹೇಳಲಿಲ್ಲ?

"ಒಂದು ಮನೆಯ ಮಾತು ಎಲ್ಲಿಯೂ ಹೇಳಬಾರದು ಎಂದು ನಿಂಗಳೇ ಕಲಿಸಿದ್ದು. ನಿಮ್ಮ ಹತ್ರವೂ ಬೇಡ ಎಂದಿರಿ."

ಅವಳ ಮುಖದಲ್ಲಿ ಅಣಕವಿರಲಿಲ್ಲ. ಇದ್ದಿದ್ದರೆ ಒಂದು ಏಟು ಕೊಟ್ಟು ಸಮಾಧಾನ ಮಾಡಿಕೊಳ್ಳಬಹುದಿತ್ತು. ಪಾಠವನ್ನು ಸರಿಯಾಗಿ ಕಲಿತಿದ್ದಳು, ಅಷ್ಟೇ. ಇಷ್ಟು ದಿನ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ಮನೆಮನೆಗೆ ನಡೆದಿದ್ದಾಳೆ.

ಮೇ 5, ಭಾನುವಾರ

ಭಾನುವಾರದ ಪೂಜೆಗೆ ಬಂದ ಪಾದ್ರಿ ಸ್ವಾಮಿಗಳ ಹತ್ತಿರ ಹೇಳಿಕೊಂಡೆ. ಅವರು ಒಳ್ಳೆಯವರು, ವಯಸ್ಸಾದವರು, ಕುದುರೆಯ ಮೇಲೆ ಬಂದು ಸೊಂಟ ಹಿಡಿದುಕೊಂಡಿತ್ತು. "ದೇಹ ಎರಡು ದಿನದ್ದು, ಆತ್ಮ ಎಂದೆಂದಿನದು," ಎಂದರು. ನಿಲ್ಲಿಸಬೇಡಿ, ಕಾಣದ ಹಾಗೆ ಮಾಡಿ. ಒದ್ದೆ ಬಟ್ಟೆಯನ್ನು ಹಣೆಯ ಮೇಲೆ ಹಿಂಡಿದರೂ ಸಾಕು.

ಸರಿ ಎಂದೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಕಲಿತದ್ದೂ ಅದನ್ನೇ.

ಮೇ 8

ಒಂದು ಕೂಸು ಸಿಕ್ಕಿತು. ಬಟ್ಟೆ ಹಿಂಡಲು ಹೋದೆ. ತಾಯಿ ನನ್ನ ಕೈಯಿಂದ ಬಟ್ಟೆ ಕಿತ್ತು ಬೆಂಕಿಗೆ ಹಾಕಿದಳು. ಕೂಸನ್ನು ಎತ್ತಿಕೊಂಡು ಬಿಸಿಲಲ್ಲಿ ಓಡಿದಳು. ಓಡುವಾಗ ಅದರ ತಲೆ ಅಲ್ಲಾಡುತ್ತಿತ್ತು.

ಮೇ 15

ಯಾರೂ ಬರಲಿಲ್ಲ. ಕುದಿಸಿದ ನೀರನ್ನು ಚೆಲ್ಲಿದೆವು.

ಮೇ 20

ಯಾರೂ ಇಲ್ಲ. ದಾರಿಯಲ್ಲಿ ನನ್ನನ್ನು ಕಂಡ ಮಕ್ಕಳು ಎರಡೂ ಅಂಗೈಯಿಂದ ಹಣೆ ಮುಚ್ಚಿಕೊಂಡು ಪೊದೆಗಳ ಸಂದಿಗೆ ನುಗ್ಗಿದವು. ಮೊದಲು ಆಟ ಎಂದುಕೊಂಡು ನಕ್ಕಿದ್ದೆ.

ಮಳೆಯ ಮೋಡ ಪಡುವಣ ಕಡೆಯಿಂದ ಏರುತ್ತಿದೆ. ಮಳೆ ಬಿದ್ದರೆ ಮೇಲಿನ ಹೊಲಸೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಹೊರಡಲು ತಯಾರಾಗಿ ಎಂದು ಮದರ್ ಹೇಳಿಕಳಿಸಿದ್ದಾರೆ. ಕಸೂತಿ ಕಾದಿದೆ. ವಳ್ಳಿ ಯಾರಿಗೂ ಹೇಳದೆ ತನ್ನ ಸೀರೆ ಗಂಟು ಕಟ್ಟಿಟ್ಟಿದ್ದಾಳೆ. ನಾನು ಕಂಡೆ, ಕಾಣದವಳಂತಿದ್ದೆ.

ಮೇ 27, ಸೋಮವಾರ

ಇವತ್ತಿನದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯೊಳಗೆ ಸುತ್ತುತ್ತಲೇ ಇರುತ್ತದೆ.

ಎಲೆ ಕೊಯ್ಯುವ ಹೊತ್ತಿನಲ್ಲಿ ಸಣ್ಣತಾಯಮ್ಮ ಬಂದಳು. ಬೆನ್ನ ಮೇಲೆ ಬುಟ್ಟಿ ಇರಲಿಲ್ಲ, ಕೆಲಸ ಬಿಟ್ಟು ಬಂದಿದ್ದಳು. ತಿಂಗಳಾಯಿತು ನನ್ನ ಕಡೆ ತಿರುಗಿ ನೋಡದವಳು. ಬಾಗಿಲ ಹೊರಗೇ ನಿಂತು ಹೇಳಿದಳು, "ಸೀಸ ತಕ್ಕಂಡ್ ಬಾ ಅವ್ವ."

"ಚಿನ್ನೀಗಾ?"

"ನಾಕ್ ದಿನ ಆಯ್ತು. ಅತ್ತಗೂ ಹೋಗಾದಿಲ್ಲ, ಇತ್ತಗೂ ಬರಾದಿಲ್ಲ. ಕಿರುಚಾಕೂ ತ್ರಾಣಿಲ್ಲ. ಸಾಕು ಅದು ಪಡಾ ಪಾಡು. ನಿನ್ ನೀರು ಹಾಕ್ಬುಡು, ಹೊಂಟೋಗ್ಲಿ."

ಅವಳು ನನ್ನನ್ನು ದೂರಲು ಬಂದವಳಲ್ಲ. ಕೊಲ್ಲು ಎಂದು ಬೇಡಿಕೊಳ್ಳಲು ಬಂದವಳು. ಅದೂ ಕರುಣೆಯಿಂದ, ಹೆತ್ತ ಹೊಟ್ಟೆಯಿಂದ.

ಅಮ್ಮಣಿ ಗಂಜಿಯ ಪಾತ್ರೆ ಹಿಡಿದು ಹಿಂದೆ ಬಂದಳು. ಚಿನ್ನಿ ಮೂಲೆಯಲ್ಲಿ ಗೋಣಿಯ ಮೇಲಿತ್ತು. ಕೆನ್ನೆ ಒಣಗಿ ಚರ್ಮ ಸುಕ್ಕಾಗಿ ಮುದುಕಿಯ ಮುಖ ಬಂದಿತ್ತು. ಜಪಸರ ಬಾಯಿಗೆ ಹಾಕಿಕೊಂಡ ಕೂಸು. ನಾಲ್ಕು ದಿನ ಮುಂಚೆ ತಂದಿದ್ದರೆ ಉಳಿಸುತ್ತಿದ್ದೆ. ತರಲಿಲ್ಲ, ನನ್ನ ಭಯಕ್ಕೆ.

ಚಮಚದಲ್ಲಿ ಗಂಜಿಯ ತಿಳಿ ಕೊಟ್ಟೆ. ಹೊರಗೆ ಬಂತು. ಮತ್ತೆ ಕೊಟ್ಟೆ. ಸಣ್ಣತಾಯಮ್ಮ ನನ್ನ ಬಾಯಿಯನ್ನೂ ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ಸಿದ್ದಾಜಮ್ಮ ಮತ್ತು ಕೆಲಸಕ್ಕೆ ಹೋಗದ ಮುದುಕಿಯರು ಸೇರಿದ್ದರು. ಅವರೂ ನನ್ನ ಕೈಯನ್ನೇ ನೋಡುತ್ತಿದ್ದರು.

"ಹಾಕವ್ವ," ಎಂದಳು.

ಜೇಬಿನಲ್ಲಿ ಸೀಸೆ ಇತ್ತು. ಬೆರಳಿಗೆ ಬಿರಡೆ ಸಿಕ್ಕಿತು. ಇಷ್ಟು ದಿನದಲ್ಲಿ ಮೊದಲ ಸಲ ಒಬ್ಬ ತಾಯಿ ತಾನಾಗಿ ಹಾಕು ಎನ್ನುತ್ತಿದ್ದಳು. ಕದ್ದು ಮಾಡಬೇಕಿರಲಿಲ್ಲ, ತಂಪಿಗೆ ಎಂದು ಸುಳ್ಳು ಹೇಳಬೇಕಿರಲಿಲ್ಲ. ಹಾಕಿದರೆ ಚಿನ್ನಿಗೆ ಮೋಕ್ಷ. ಹಾಕಿದರೆ ಈ ಸಾಲಿನ ಎಲ್ಲ ಕಣ್ಣುಗಳ ಮುಂದೆ, ತಾಯಿಯ ಮಾತಿನ ಮೇಲೆಯೇ, ನಾನು ಕೂಸು ಕೊಂದವಳಾಗುತ್ತೇನೆ. ಆಮೇಲೆ ಬುಟ್ಟಿಗಳಡಿಯ ಮಕ್ಕಳು ಅಲ್ಲೇ ಉಳಿಯುತ್ತವೆ. ಹಾಕದಿದ್ದರೆ ಚಿನ್ನಿ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಚಿಕ್ಕಂದಿನಿಂದ ಗೊತ್ತು.

"ಹಾಕಲ್ಲ," ಎಂದೆ.

"ಯಾಕವ್ವ? ಎಲ್ಲಾರ್ ಕೂಸ್ಗೂ ಹಾಕ್ದೆ."

ಎರಡೂ ಕೈಯನ್ನು ಹೊರಗೆ ತೆಗೆದು, ಒಂದರಲ್ಲಿ ಕೂಸನ್ನು ಹಿಡಿದು ಇನ್ನೊಂದರಲ್ಲಿ ಚಮಚ ಹಿಡಿದೆ. ತುಟಿ ಒದ್ದೆ ಮಾಡಿದೆ, ಅಷ್ಟೇ. ಹೊರಗೆ ಬಿಸಿಲಿತ್ತು. ಫ್ಯಾಕ್ಟರಿಯಲ್ಲಿ ಎಲೆ ತೂಗುವ ಗಂಟೆ ಹೊಡೆದರು. ಅದಾದ ಸ್ವಲ್ಪ ಹೊತ್ತಿಗೆ ಚಿನ್ನಿ ಒಮ್ಮೆ ಬಾಯಿ ತೆರೆಯಿತು, ಮುಚ್ಚಲಿಲ್ಲ.

ಉಸಿರು ನಿಂತ ಮೇಲೂ ಕೆಲವು ನಿಮಿಷ ನೀರು ಹಾಕಬಹುದೆಂದು ನಮ್ಮ ಪುಸ್ತಕಗಳಲ್ಲಿ ಹೇಳಿದೆ. ಆತ್ಮ ಹೊರಟ ಗಳಿಗೆ ಯಾರಿಗೂ ತಿಳಿಯುವುದಿಲ್ಲವಲ್ಲ. ಅದೂ ನೆನಪಿಗೆ ಬಂತು. ಸಣ್ಣತಾಯಮ್ಮ ಇನ್ನೂ ನನ್ನ ಕೈಯನ್ನೇ ನೋಡುತ್ತಿದ್ದಳು. ಆ ನಿಮಿಷಗಳನ್ನು ಹಾಗೆಯೇ ಕಳೆದೆ.

ಬಹಳ ಹೊತ್ತಿನ ಮೇಲೆ ಅವಳು ಬಾಗಿಲ ಕಡೆ ತಿರುಗಿ ಹೇಳಿದಳು, "ಸೀಸ ತಗೀನೇ ಇಲ್ಲ. ಆದ್ರೂ ಹೊಂಟೋಯ್ತು." ಸಿದ್ದಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ರಾಚಯ್ಯ ಗುದ್ದಲಿ ತಂದ.

ಮೇ 29

ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಹೆಂಗಸರು. ಮೊದಲು ಸಿದ್ದಾಜಮ್ಮ, ಸೊಂಟದಲ್ಲಿ ಮೊಮ್ಮಗಳು. ಹಳ್ಳದ ಹತ್ತಿರ ಸಣ್ಣತಾಯಮ್ಮ ಎಲ್ಲರಿಗೂ ಹೇಳಿದ್ದಾಳೆ, ನೀರಿನದೇನೂ ಇಲ್ಲ, ನಾನೇ ಕಣ್ಣಾರೆ ಕಂಡೆ ಅಂತ. ಗೋದಾಮು ಸಾಲದೆ ಹೊರಗೆ ಚಾಪೆ ಹಾಸಿದೆವು. ವಳ್ಳಿ ಗಂಟು ಬಿಚ್ಚಿ ಆ ಸೀರೆಯನ್ನೇ ಹರಿದು ಮಕ್ಕಳಿಗೆ ಬಟ್ಟೆ ಮಾಡಿದಳು. ಅಮ್ಮಣಿ ಯಾವ ತಾಯಿಯನ್ನೂ ಬೈಯದೆ, ಯಾವ ಕೂಸನ್ನೂ ಮೊದಲು ನೋಡದೆ, ಒಬ್ಬೊಬ್ಬರ ಪಕ್ಕ ಕೂತು ಚಮಚ ಹಿಡಿಯುವುದನ್ನು ತೋರಿಸಿದಳು. ನನಗಂತೂ ಕೂತು ಉಣ್ಣಲು ಪುರುಸೊತ್ತಾಗಲಿಲ್ಲ. ಸೊಂಟ ಬಿದ್ದುಹೋಗಿದೆ.

ಜೂನ್ 2, ಭಾನುವಾರ

ಮಳೆ ಹಿಡಿಯಿತು. ಸಿದ್ದಾಜಮ್ಮನ ಮೊಮ್ಮಗಳು ಎದ್ದು ಕೂತು ಬೆಲ್ಲ ಕೇಳಿತು. ಎರಡು ಕೂಸು ಹೋದವು, ಉಳಿದವು ಹೆಚ್ಚು. ಶಾಲೆ ಇರಲಿ ಎಂದು ಮದರ್ ಸ್ವಾಮಿಗಳ ಕೈಲಿ ಹೇಳಿಕಳಿಸಿದ್ದಾರೆ. ಪೂಜೆಗೆ ಮುಂಚೆ ಪಾಪನಿವೇದನೆಗೆ ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಒಂದು ಕೂಸು ವಾಂತಿ ಮಾಡಿಕೊಂಡಿತು. ಮುಂದಿನ ಸಲ ಬಂದಾಗ ನೋಡೋಣ. ಹರಳೆಣ್ಣೆ ಹಾಕಿಡಲು ಸೀಸೆ ಬೇಕೆಂದಳು ವಳ್ಳಿ. ಬೇರೆ ಇರಲಿಲ್ಲ, ನೀಲಿಯದನ್ನು ಖಾಲಿ ಮಾಡಿ ಕೊಟ್ಟೆ.

ಸಣ್ಣತಾಯಮ್ಮ ಕೆಲಸ ಮುಗಿಸಿ ದಿನಾ ಬರುತ್ತಾಳೆ. ಯಾರೂ ಕರೆದಿಲ್ಲ. ಒಲೆ ಮುಂದೆ ಕೂತು ನೀರು ಕಾಯಿಸುತ್ತಾಳೆ. ಇವತ್ತು ಹುಡುಗಿಯರು ಲೈನಿಗೆ ಹೋಗಿದ್ದರು, ನಾವಿಬ್ಬರೇ ಇದ್ದೆವು.

"ಆ ನೀರು ಕೊಲ್ಲಾ ನೀರಲ್ಲ ಅಂತ ಗೊತ್ತಾಯ್ತು," ಎಂದಳು ಇದ್ದಕ್ಕಿದ್ದಂತೆ. "ಹಂಗಾರ ಅದು ಯಾತರ ನೀರವ್ವ?"

ಇಷ್ಟು ದಿನದಲ್ಲಿ ಯಾವ ತಾಯಿಗೂ ಹೇಳಿರಲಿಲ್ಲ. ಇವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಸಾಯೋ ಕೂಸು ನೆಟ್ಟಗೆ ದೇವ್ರ ತಾವಕ್ಕೆ ಹೋಗ್ಲಿ ಅಂತ ಹಾಕಾದು," ಎಂದೆ. "ಅಲ್ಲಿ ಅದಕ್ಕೆ ಹಸಿವಿಲ್ಲ, ನೋವಿಲ್ಲ."

ಅವಳು ಒಲೆಗೆ ಒಂದು ಸೌದೆ ನೂಕಿದಳು. ನಾನು ಅವಳ ಮುಖ ನೋಡುತ್ತಿದ್ದೆ, ಅದು ನಿಧಾನವಾಗಿ ನನ್ನ ಕಡೆ ತಿರುಗಿತು. ಅದರಲ್ಲಿ ಸಿಟ್ಟಿರಲಿಲ್ಲ.

"ನಾನೇ ಬಂದು ಕೇಳ್ಕಂಡ್ನಲ್ಲ. ನನ್ ಚಿನ್ನೀಗ ಯಾಕ ಹಾಕ್ನಿಲ್ಲ?"

ಗಂಜಿ ಉಕ್ಕಿತು. ಅವಳೇ ಎದ್ದು ಇಳಿಸಿದಳು. ಉಪ್ಪು ಎಷ್ಟು ಹಾಕಲಿ ಎಂದು ಕೇಳಿದಳು. ಅದನ್ನು ಮಾತ್ರ ಹೇಳಿದೆ.